ಬಸಿರಿ ಉಣ್ಣುವಾಗ

ಭೂಮಿತಾಯಿಯನ್ನು ಬಸಿರಿಯೆಂದು ಪೂಜಿಸಿ ಉಣಬಡಿಸುವ ಭೂಮಿ ಹುಣ್ಣಿಮೆಗೆ ಈ ಸಲ ಊರಿಗೆ ಹೋಗಿದ್ದೆ. ಸೊರಬದ ಕಡೆ ನಮ್ಮೂರು. ವಾಪಸ್ ಬಂದು ನಾಲ್ಕು ದಿನವಾಯಿತು, ಹಬ್ಬಕ್ಕೆ ಬೇಯಿಸಿದ ಬೆರಕೆ ಸೊಪ್ಪಿನ ವಾಸನೆ ಇನ್ನೂ ಮೂಗಿನಿಂದ ಹೋಗಿಲ್ಲ.

ಆ ವಾಸನೆ ಅಂದರೆ ನನಗೆ ಅಜ್ಜಿ. ದಸರಾ ಬಂತೆಂದರೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರನ್ನು ಅಕ್ಕಿ ಹಿಟ್ಟಿನ ನೀರಿಗೆ ಅದ್ದಿ ಚಿತ್ತಾರ ಬರೆಯಲು ಕೂರುತ್ತಿದ್ದಳು. ಹುಣ್ಣಿಮೆ ಹತ್ತಿರ ಬಂದಾಗ ಬೇಲಿ, ಹುಲ್ಲು ಬೆಳೆಯುವ ಬ್ಯಾಣ ಎಲ್ಲ ಸುತ್ತಿ ಸೊಪ್ಪು ಕೊಯ್ದು ತರುತ್ತಿದ್ದಳು. 101 ಕುಡಿ ಆಗಬೇಕು. ನಾನು ಎಣಿಸಿದರೆ 40 ದಾಟುತ್ತಿರಲಿಲ್ಲ. "ಉಳಿದದ್ದು ಭೂಮಿತಾಯಿ ಎಣಿಸ್ಕೊಳ್ತಾಳೆ" ಅನ್ನುತ್ತಿದ್ದಳು. ರಾತ್ರಿಯಿಡೀ ಒಲೆ ಆರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಅಜ್ಜ ಗದ್ದೆಗೆ ಹೋಗಿ "ಅಚ್ಚಂಬಲಿ, ಹಾಲಂಬಲಿ" ಎಂದು ಕೂಗುತ್ತಾ ಬೆಂದ ಸೊಪ್ಪನ್ನು ಬೀರುತ್ತಿದ್ದ. ಆಚೆ ಗದ್ದೆಯಿಂದಲೂ ಅದೇ ಕೂಗು.

ಆ ಹೊತ್ತಿಗೆ ಭತ್ತ ಹೊಡೆಯಾಗಿ, ತೆನೆ ಒಳಗೇ ಇರುತ್ತದೆ. ಬಸಿರಿ ಅಲ್ವಾ, ಅದಕ್ಕೇ ಸೀಮಂತ. ಅಮ್ಮ ಕೊರಳ ಸರ ತೆಗೆದು ಪೈರಿಗೆ ಹಾಕುತ್ತಿದ್ದಳು. ಕಾಗೆಗೊಂದು ಎಡೆ, ಇಲಿಗೊಂದು ಎಡೆ. ಒಂದು ಕಡುಬನ್ನು ಅಲ್ಲೇ ಬದುವಿನ ಪಕ್ಕ ಹೂಳುವುದು.

ನನಗೆ ಏಳೋ ಎಂಟೋ ವರ್ಷ. ಮಾರನೇ ದಿನ ಒಬ್ಬನೇ ಹೋಗಿ ಅಗೆದು ನೋಡಿದೆ. ಕಡುಬು ಹಾಗೇ ಇತ್ತು, ಇರುವೆ ಮುತ್ತಿತ್ತು. ಭೂಮಿತಾಯಿ ಉಣ್ಣಲೇ ಇಲ್ಲ! ಅಳುತ್ತಾ ಮನೆಗೆ ಬಂದೆ. ಅಜ್ಜಿ ಬೈಯಲಿಲ್ಲ. ಕೈಕಾಲು ತೊಳೆಸಿ, "ಬಸಿರಿ ಉಣ್ಣುವಾಗ ಬಾಯಿ ನೋಡ್ಬಾರ್ದು ಮಗಾ. ಅವಳಿಗೆ ನಾಚಿಕೆ ಆಗುತ್ತೆ" ಅಂದಳು.

ಬಾಲ್ಯದ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಈ ಮಾತು ಅಡ್ಡ ಬರುತ್ತದೆ. ಅಜ್ಜಿ ನಿಜಕ್ಕೂ ನಂಬಿದ್ದಳಾ, ನನಗಿರೋದು ಭಕ್ತಿಯಾ, ಸುಮ್ನೆ ಊರಿನ ಹಂಬಲವಾ ಅಂತ ಕೆದಕುತ್ತೇನೆ. ಅದೇ ಅಗೆಯುವ ಬುದ್ಧಿ. ಅಜ್ಜಿಯ ಲೆಕ್ಕ ಸಲೀಸು. ಬಸಿರಿ ಹಸಿದಿದ್ದಾಳೆ, ಬಡಿಸು.

ಈಗ ನಮ್ಮ ಗದ್ದೆಯಲ್ಲಿ ಅಡಿಕೆಯೇ ಜಾಸ್ತಿ. ತಮ್ಮನನ್ನು ದೂರುವುದಿಲ್ಲ, ಭತ್ತ ಬೆಳೆದು ಸಾಲ ತೀರಲ್ಲ. ಆದರೂ ಅಡಿಕೆ ಸಸಿಗೆ ಸೀಮಂತ ಮಾಡೋದು ಹೇಗೆ ಹೇಳಿ? ಬುಟ್ಟಿಗೂ ಈ ಸಲ ಅಂಗಡಿ ಪೇಂಟು. ನೋಡಿ ಹೊಟ್ಟೆ ಉರಿಯಿತು.

ಉಳಿದಿರುವ ಒಂದೇ ತುಂಡು ಭತ್ತದ ಗದ್ದೆಯಲ್ಲಿ ಪೂಜೆ ಮಾಡಿದೆವು. ಕಡುಬು ನಾನೇ ಹೂತೆ. ಬದುವಿನ ಮೇಲೆ ಬರುವಾಗ ತಮ್ಮನ ಮಗ ಕೈ ಎಳೆದು, "ದೊಡ್ಡಪ್ಪ, ನಾಳೆ ಬಂದು ನೋಡೋಣ್ವಾ?" ಅಂದ. ಅಜ್ಜಿಯ ಮಾತು ಬಾಯಿಯವರೆಗೂ ಬಂತು. ಹಿಂದಿರುಗಿ ನೋಡಿದರೆ, ಹೂತ ಜಾಗದಲ್ಲಿ ಅವನಾಗಲೇ ಗುರುತಿಗೆ ಒಂದು ಕಡ್ಡಿ ನೆಟ್ಟಿದ್ದ.