ಕಾಡುಹಂದಿ ತಿನ್ನೋಕೆ ಹೋಗಿ ಏಡಿ ಹಿಡ್ದಿದ್ದು

ನಮ್ಮ ಆಫೀಸಲ್ಲಿ ಗದಗ ಕಡೆಯ ಒಬ್ಬ ದೋಸ್ತ್ ಇದಾನೆ. ನಾನು ತೀರ್ಥಹಳ್ಳಿ ಕಡೆಯವನು ಅಂತ ಗೊತ್ತಾದ ದಿನದಿಂದ ಅವನದ್ದು ಒಂದೇ ರಾಗ, "ಲೇ, ನಿಮ್ಮ ಕಡೆ ಕಾಡಹಂದಿ ಸಿಗತೈತಂತಲ್ಲೋ, ಒಮ್ಮೆ ಕರ್ಕೊಂಡ್ ಹೋಗ." ಸಿಗಲ್ಲ ಮಾರಾಯ, ಕೇಸಾಗುತ್ತೆ ಅಂದ್ರೆ ನಂಬಲ್ಲ, ಯಾವನೋ ರೀಲ್ಸಲ್ಲಿ ತೋರ್ಸಿದಾನಂತೆ. ನಿಜ ಹೇಳ್ಬೇಕು ಅಂದ್ರೆ ನಾನೇ ತಿಂದಿಲ್ಲ, ನಾನು ಹುಟ್ಟೋ ಹೊತ್ತಿಗೆ ನಮ್ಮನೆಗಳಲ್ಲಿ ಅದು ಊಟ ಆದ್ಮೇಲೆ ಜಗಲಿ ಮೇಲೆ ಕೂತು ಹೇಳೋ ಕಥೆ ಆಗೋಗಿತ್ತು. ಆದ್ರೂ ಜುಲೈಲಿ ಎರಡು ದಿನ ರಜೆ ಒಟ್ಟಿಗೆ ಸಿಕ್ತು, ಪುನರ್ವಸು ಮಳೆ ಜೋರು ಹಿಡ್ದಿತ್ತು, ಸೋದರಮಾವನ ಮನೇಲಿ ನೆಟ್ಟಿ, ಅಂದ್ರೆ ಭತ್ತದ ನಾಟಿ, ಮುಗಿಯೋ ಟೈಮು, ನೆಟ್ಟಿ ಮುಗಿದ್ರೆ ಹಂದಿ-ಕಡುಬು ಗ್ಯಾರಂಟಿ, ಊರುಹಂದಿದು. ಬಾ ಅಂದೆ. ಅವನು ಕಾಡುಹಂದಿ ಅಂತಾನೇ ತಿಳ್ಕೊಂಡು ಹೊರಟ, ನಾನೂ ಪೂರ್ತಿ ಬಿಡಿಸಿ ಹೇಳಕ್ಕೆ ಹೋಗ್ಲಿಲ್ಲ, ಅದು ನನ್ ತಪ್ಪೇ.

ಬೆಳಗಿನ ಜಾವ ಟ್ರೈನಲ್ಲಿ ಶಿವಮೊಗ್ಗ ಇಳ್ದು ಬಸ್ ಸ್ಟ್ಯಾಂಡಲ್ಲಿ ಕಾಫಿ ಕುಡ್ದು ತೀರ್ಥಹಳ್ಳಿ ಬಸ್ ಹತ್ತಿದ್ವಿ. ಅರವತ್ತು ಕಿಲೋಮೀಟರ್ ದಾರಿ, ತುಂಗೆ ಪಕ್ಕದಲ್ಲೇ. ಗಾಜನೂರು ಹಿನ್ನೀರು, ಸಕ್ರೆಬೈಲು ಆನೆ ಬಿಡಾರ ದಾಟಿದ್ಮೇಲೆ ಕಾಡು ಶುರು ಆಗುತ್ತೆ. ಮಂಡಗದ್ದೆಲಿ ಇಳಿಯೋಣ ಅಂತ ನಾನೇ ಹಠ ಮಾಡ್ದೆ, ಮಳೆಗಾಲದಲ್ಲಿ ಅಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲ ಗೂಡು ಕಟ್ಟಿರ್ತವೆ, ಕೆಳಗೆ ಕೆಂಪು ನೀರು ಮರದ ಸೊಂಟದವರೆಗೆ ಬಂದಿರುತ್ತೆ, ಮೇಲೆ ಮರಿಗಳ ಗಲಾಟೆ, ವಾಸನೆ ಮಾತ್ರ ಸಹಿಸ್ಕೋಬೇಕು. ನಮ್ಮ ದೋಸ್ತ್ ಛತ್ರಿ ಹಿಡ್ಕೊಂಡು ಎರಡು ನಿಮಿಷ ನೋಡಿ ಕೇಳಿದ, "ಇವನ್ನ ತಿಂತಾರೇನ?" ಪಕ್ಕದಲ್ಲಿ ನಿಂತಿದ್ದ ಒಬ್ರು ಅಜ್ಜಿ ಅವನನ್ನ ನೋಡಿದ ನೋಟ ನಾನು ಮರೆಯಲ್ಲ.

ತೀರ್ಥಹಳ್ಳಿಲಿ ಮಧ್ಯಾಹ್ನ ಊಟಕ್ಕೆ ಒಂದು ಹೋಟ್ಲಿಗೆ ಹೋದ್ವಿ, ಹೆಸರು ಬೇಡ. ಕೈ ತೊಳೀವಾಗ ಒಬ್ಬ ಬಂದು ನಮ್ಮ ದೋಸ್ತಿನ ಕಿವಿ ಹತ್ರ "ಕಾಡಿಂದು ಇದೆ, ಬೇಕಾ ಸರ್" ಅಂದ. ಕೇಜಿಗೆ ಅವನು ಹೇಳಿದ ರೇಟು ಕೇಳಿ ನನಗೆ ನಗು ಬಂತು, ಇವನಿಗೆ ಕಣ್ಣು ಅರಳ್ತು. ಎಳ್ಕೊಂಡು ಬಂದೆ. ಬಸ್ಸಲ್ಲಿ ಕೂತ್ಮೇಲೆ ಅವನು ಮುಖ ಊದಿಸ್ಕೊಂಡಿದ್ದ, ಮೇಗರವಳ್ಳಿ ಬರೋವರೆಗೂ ಮಾತಾಡ್ಲಿಲ್ಲ. ಸಂಜೆ ಮಾವಂಗೆ ಇದನ್ನ ಹೇಳಿದ್ರೆ ಎಲೆ ಅಡಿಕೆ ಉಗುಳಿ ಬಂದು ನಕ್ರು. "ಎಂಥ ಕಾಡಿಂದಾ ಅದು, ಊರುಹಂದಿನೇ, ಚರ್ಮ ಸುಟ್ಟು ಕಪ್ಪು ಮಾಡಿ ಪೇಟೆಯವ್ರಿಗೆ ಕೊಡ್ತಾರೆ. ಸಿಕ್ಕಿಬಿದ್ರೆ ಕಾಡಿಂದಲ್ಲ ಅಂತ ಅವನೇ ಪ್ರೂವ್ ಮಾಡ್ಬೇಕು, ದುಡ್ಡು ತಗೊಳೋವಾಗ ಕಾಡಿಂದೇ ಅಂತ ಆಣೆ ಹಾಕ್ಬೇಕು, ಕಷ್ಟದ ಬಿಸಿನೆಸ್ಸು ಮಾರಾಯ."

ಮಾವನ ಮನೆ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಮುಂದೆ ಗದ್ದೆ, ಹಿಂದೆ ತೋಟ, ತೋಟದ ಹಿಂದೆ ಕಾಡು. ನಡ್ಕೊಂಡು ಹೋಗೋದ್ರೊಳಗೆ ದೋಸ್ತಿನ ಕಾಲಿಗೆ ಮೂರು ಇಂಬಳ, ಅದೇ ಜಿಗಣೆ. ಅವನು ಕೂಗಿದ್ದು ಕೇಳಿ ನಾಯಿ ಬೊಗಳ್ತು, ಅತ್ತೆ ಸುಣ್ಣದ ಡಬ್ಬಿ ಹಿಡ್ಕೊಂಡೇ ಹೊರಗೆ ಬಂದ್ರು.

ಜಗಲಿ ಗೋಡೆ ಮೇಲೆ ಕೋವಿ ನೇತಾಡ್ತಿತ್ತು. ದೋಸ್ತಿಗೆ ಮತ್ತೆ ಜೀವ ಬಂತು. "ಅಂಕಲ್, ಇದ್ರಾಗ ಹಂದಿ ಹೊಡಿತೀರೇನ್ರಿ?" ಮಾವ ಹೇಳಿದ್ರು, ಅದು ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಕೋವಿ, ಎಲೆಕ್ಷನ್ ಬಂತು ಅಂದ್ರೆ ಠಾಣೆಗೆ ತಗೊಂಡೋಗಿ ಡಿಪಾಸಿಟ್ ಮಾಡೋದು, ಎಲೆಕ್ಷನ್ ಮುಗಿದ್ಮೇಲೆ ಹೋಗಿ ತರೋದು, ಒರೆಸಿ ಎಣ್ಣೆ ಹಾಕಿ ನೇತುಹಾಕೋದು, ಅಷ್ಟೇ ಕೆಲಸ. ಬೆಳೆ ಕಾಯೋ ಕೋವಿ ಅಂದ ಮಾತ್ರಕ್ಕೆ ಪ್ರಾಣಿ ಹೊಡ್ಯೋ ಪರ್ಮಿಷನ್ ಅಲ್ಲ, ಗಾಳಿಗೆ ಒಂದು ಈಡು ಹೊಡ್ದು ಹೆದರಿಸ್ಬಹುದು ಅನ್ನೋದು ಮಾವನ ಲೆಕ್ಕ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಅದಾದ್ಮೇಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ತಗೊಂಡು ಶಿಕಾರಿ ಮಾಡೋ ದಾರಿ ಕಾಗದದಲ್ಲಿ ಇತ್ತು, 1991ರ ತಿದ್ದುಪಡಿಲಿ ಅದನ್ನೂ ತೆಗೆದ್ರು. ಈಗ 2022ರ ತಿದ್ದುಪಡಿ ಆದ್ಮೇಲೆ ಕಾಡುಹಂದಿ ಎರಡನೇ ಶೆಡ್ಯೂಲಲ್ಲಿ, ಅಂದ್ರೆ ಕಾಯ್ದೆ ರಕ್ಷಿಸೋ ಪ್ರಾಣಿಗಳ ಎರಡನೇ ಪಟ್ಟಿಲಿದೆ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಹೊಡೆದವನಿಗೆ ಮಾತ್ರ ಅಲ್ಲ, ಮಾಂಸ ಮನೇಲಿ ಇಟ್ಕೊಂಡವನಿಗೂ ಬಿಡಲ್ಲ. ಕದ್ದುಮುಚ್ಚಿ ಎಲ್ಲೂ ನಡೆಯಲ್ಲ ಅಂತ ನಾನು ಹೇಳಿದ್ರೆ ಮಲೆನಾಡಿನವ್ರು ಯಾರೂ ನಂಬಲ್ಲ, ಆದ್ರೆ ನಮ್ಮ ಮಾವನ ಮನೇಲಿ ಇಲ್ಲ.

ಕಥೆಗೆ ಮಾತ್ರ ಯಾವ ಶೆಡ್ಯೂಲೂ ಇಲ್ಲ. ಮಾವ ಹುಡುಗ ಆಗಿದ್ದಾಗ, ಅಂದ್ರೆ ಅರವತ್ತರ ದಶಕ, ಸೋವಿಗೆ ಹೋಗ್ತಿದ್ರಂತೆ. ಕೋವಿ ಇದ್ದೋರು ಹಂದಿ ಓಡೋ ದಾರಿಲಿ ಬಿಲ್ಲಿಗೆ, ಅಂದ್ರೆ ಹೊಂಚು ಹಾಕಿ, ನಿಲ್ಲೋದು, ಹುಡುಗ್ರು ನಾಯಿ ಕಟ್ಕೊಂಡು ಆ ಕಡೆಯಿಂದ ಹೋ ಅಂತ ಕೂಗ್ತಾ ಹಳು, ಅಂದ್ರೆ ಪೊದೆಗಾಡು, ನುಗ್ಗೋದು. ಬಿದ್ದ ಹಂದಿನ ಗಳಕ್ಕೆ ಕಟ್ಟಿ ಹೊತ್ಕೊಂಡು ಬಂದು ಅಂಗಳದ ತುದಿಲಿ ಹುಲ್ಲು ಹಾಕಿ ಸುಡೋದು, ಕೂದಲು ಸುಟ್ಟು ಚರ್ಮ ಕೆರೆದು ಕೆರೆದು ಹಳದಿ ಆಗ್ಬೇಕು, ಚರ್ಮ ಬಿಸಾಕೋ ಮಾತೇ ಇಲ್ಲ. ಹೊಟ್ಟೆ ಬಗೆಯೋದು ಮಾತ್ರ ಅಜ್ಜನೇ, ಬೇರೆ ಯಾರಿಗೂ ಚಾಕು ಕೊಡ್ತಿರ್ಲಿಲ್ಲ, ಪಿತ್ತಕೋಶ ಒಂದು ಒಡೀತು ಅಂದ್ರೆ ಆ ಕಡೆ ಮಾಂಸ ಎಲ್ಲ ಕಹಿ. ಆಮೇಲೆ ಬಾಳೆ ಎಲೆ ಹಾಸಿ ಪಾಲು. ಹೊಡೆದವನಿಗೆ ಒಂದು, ಕೋವಿಗೆ ಒಂದು, ಸೋವಿಗೆ ಬಂದ ಹುಡುಗ್ರಿಗೂ ದೊಡ್ಡೋರಷ್ಟೇ, ನಾಯಿಗೂ ಪಾಲು. ನಾಯಿ ಪಾಲನ್ನ ನಾಯಿ ಯಜಮಾನ ತಿನ್ನೋ ಹಾಗಿಲ್ಲ ಅಂತ ಅಜ್ಜನ ಕಾನೂನು. "ತಿಂತಿದ್ರು ಬಿಡಿ" ಅಂತ ಒಳಗಿಂದ ಅತ್ತೆ ದನಿ ಬಂತು.

ಎಲ್ಲರೂ ಅಂದ್ಕೊಂಡಿರೋ ಹಾಗೆ ಅದೇನು ಬಾಯಲ್ಲಿ ಕರಗೋ ಮಾಂಸ ಅಲ್ಲವಂತೆ. ಕಾಡಲ್ಲಿ ಓಡಿ ಓಡಿ ಬೆಳೆದಿದ್ದು, ಕೊಬ್ಬು ಕಡಿಮೆ, ಕಡುಗೆಂಪು, ಗಟ್ಟಿ. ಒಂಟಿಗ ಸಿಕ್ತು ಅಂದ್ರೆ ಗಂಡುಹಂದಿ ಘಾಟು, ಮನೆ ತುಂಬಾ. ಉಪ್ಪು ಅರಿಶಿನದ ನೀರಲ್ಲಿ ನೆನೆಸಿ, ಮೊದಲು ಕುದಿಸಿದ ನೀರು ಚೆಲ್ಲಿ, ಆಮೇಲೆ ಮೂರು ನಾಲ್ಕು ತಾಸು ಸಣ್ಣ ಉರಿ. ಹಸಿಹಸಿ ಇರೋ ಹಾಗೇ ಇಲ್ಲ, ಹಂದಿಲಿ ಲಾಡಿಹುಳ ಇರುತ್ತೆ ಅಂತ ಆಗಿನವ್ರಿಗೂ ಗೊತ್ತಿತ್ತು, ಮೂಳೆ ಹಿಡಿದು ಅಲ್ಲಾಡಿಸಿದ್ರೆ ಮಾಂಸ ತಾನಾಗೇ ಬಿಡ್ಬೇಕು. ಜಾಸ್ತಿ ಆಗಿದ್ದನ್ನ ಉದ್ದ ಸೀಳಿ ಉಪ್ಪು ಹಚ್ಚಿ ಒಲೆ ಮೇಲೆ ಹೊಗೆಗೆ ಕಟ್ಟೋದು. ಭತ್ತ ಹಾಲು ತುಂಬೋ ಕಾಲದಲ್ಲಿ, ಹಲಸಿನ ಹಣ್ಣು ಬೀಳೋ ಕಾಲದಲ್ಲಿ ಸಿಕ್ಕಿದ ಹಂದಿಗೆ ಮಾತ್ರ ಸ್ವಲ್ಪ ಕೊಬ್ಬು. ಅಂದ್ರೆ ನಮ್ಮದೇ ಭತ್ತ ಅದ್ರ ಮೈಮೇಲೆ ವಾಪಸ್ ಬರ್ತಿತ್ತು ಅಂತ ಮಾವ. ಅಮ್ಮನ ದವಡೆ ಹಲ್ಲು ಒಂದು ಮೂಲೆ ಚಕ್ಕೆ ಎದ್ದಿದೆ, ಚಿಕ್ಕವಳಿದ್ದಾಗ ತುಂಡಿನೊಳಗೆ ಸಿಕ್ಕಿದ ಚರೆ ಕಡ್ದಿದ್ದು. ಸೀಸದ ಗುಂಡು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಆ ಹಲ್ಲನ್ನ ನಾನು ಎಷ್ಟೋ ಸಲ ನೋಡಿದೀನಿ, ಅದ್ರ ಹಿಂದೆ ಹಂದಿ ಇದೆ ಅಂತ ಗೊತ್ತಾಗಿದ್ದು ಈ ಸಲವೇ.

ಮಾರನೇ ದಿನ ಬೆಳಿಗ್ಗೆ ಮಾವ ದೋಸ್ತಿಗೆ "ಶಿಕಾರಿ ಬೇಕಲ್ವಾ, ಬಾ" ಅಂತ ಕರ್ಕೊಂಡು ಹೋಗಿದ್ದು ಗದ್ದೆಗೆ. ಏಡಿ. ಅಂಚಿನ ಬುಡದಲ್ಲಿ ತೂತು ಇರುತ್ತೆ, ಬಾಯಲ್ಲಿ ಹೊಸ ಕೆಸರು ಉಂಡೆ ಉಂಡೆ ಬಿದ್ದಿದ್ರೆ ಒಳಗೆ ಇದೆ ಅಂತ ಅರ್ಥ, ಕೈ ಹಾಕಿ ಮೇಲಿಂದ ಬೆನ್ನಿಗೆ ಒತ್ತಿ ಹಿಡೀಬೇಕು, ಹೆದರಿ ಕೈ ಎಳೆದ್ರೆ ಕಚ್ಚುತ್ತೆ. ಇವನು ಎಳೆದ. ಕೊಂಬು ಬೆರಳಿಗೆ ಕಚ್ಕೊಂಡು ನೇತಾಡ್ತಾ ಇತ್ತು, ಕೆಸರಲ್ಲಿ ಕುಣಿದ, ಈಗಷ್ಟೇ ನೆಟ್ಟ ಸಸಿ ಒಂದು ಹತ್ತು ಬುಡ ಮಟಾಶ್. ಮಾವ ಒಂದು ಮಾತೂ ಆಡದೆ ಬಗ್ಗಿ ಒಂದೊಂದನ್ನೇ ವಾಪಸ್ ನೆಟ್ರು. ಮಧ್ಯಾಹ್ನಕ್ಕೆ ಹನ್ನೊಂದು ಏಡಿ ಆದ್ವು, ಮರಿ ಹೊಟ್ಟೇಲಿ ಕಟ್ಕೊಂಡಿದ್ದ ಎರಡನ್ನ ಬಿಡಿಸಿದ್ರು. ಹತ್ತುಮೀನಿಗೂ ಮಾವ ಈಗ ಕೂಣಿ, ಅಂದ್ರೆ ಮೀನು ಹಿಡಿಯೋ ಬುಟ್ಟಿ, ಹಾಕಲ್ಲ, ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತೋದೇ ಮೊಟ್ಟೆ ಇಡೋಕೆ, ಅದನ್ನೇ ಬಾಚ್ಕೊಂಡ್ರೆ ಮುಂದಿನ ವರ್ಷ ಹತ್ತೋಕೆ ಏನು ಉಳಿಯುತ್ತೆ ಅಂತ. ಊರಲ್ಲಿ ಎಲ್ಲರೂ ಹಾಗಿಲ್ಲ, ಅದು ಬೇರೆ ಮಾತು.

ಸಂಜೆ ಅಸಲಿ ಕಾರ್ಯಕ್ರಮ. ಮಾವ ತೀರ್ಥಹಳ್ಳಿಯಿಂದ ನಾಲ್ಕು ಕೇಜಿ ಹಂದಿ ತರಿಸಿದ್ರು, ಚರ್ಮ ಸಮೇತ. ಇದು ಸಾಕಿದ್ದು ಅಂತ ಆಗ ಬಾಯಿಬಿಟ್ಟು ಹೇಳ್ದೆ, ದೋಸ್ತಿನ ಮುಖ ಒಂದು ಕ್ಷಣ ಸಣ್ಣಗಾಯ್ತು. ಆದ್ರೆ ಅತ್ತೆ ಮಾಡೋ ರೀತಿ ಮಾತ್ರ ಅವರತ್ತೆ, ಅಂದ್ರೆ ನನ್ನ ಅಜ್ಜಿ, ಕಾಡಿಂದಕ್ಕೆ ಮಾಡ್ತಿದ್ದಿದ್ದೇ. ನಾನು ಒಲೆ ಪಕ್ಕ ಮಣೆ ಹಾಕ್ಕೊಂಡು ಕೂತೆ. ಎಣ್ಣೆ ಒಂದು ತೊಟ್ಟೂ ಇಲ್ಲ. ದೊಡ್ಡ ಪಾತ್ರೆಗೆ ಕೊಬ್ಬಿನ ತುಂಡು ಮೊದಲು, ಅದು ಚಟಪಟ ಅಂದು ಬಿಟ್ಟ ಎಣ್ಣೇಲೇ ಈರುಳ್ಳಿ ಬೆಳ್ಳುಳ್ಳಿ ಶುಂಠಿ, ಆಮೇಲೆ ಉಳಿದ ತುಂಡು, ಅರಿಶಿನ, ಉಪ್ಪು, ಕೈಗೆ ಸಿಕ್ಕಷ್ಟು ಜೀರಿಗೆ ಮೆಣಸು, ಅದೇ ಪುಟಾಣಿ ಖಾರದ ಮೆಣಸಿನಕಾಯಿ. ಇನ್ನೊಂದು ಒಲೇಲಿ ಬಾಣಲೆ, ಅದ್ರಲ್ಲಿ ಕಾಳುಮೆಣಸು, ಕೊತ್ತಂಬರಿ, ಜೀರಿಗೆ ಹುರೀತಾ ಇದ್ರು, ನಾನು "ಅತ್ತೆ, ಸೀದುಹೋಯ್ತು" ಅಂದೆ. "ಸುಮ್ನಿರಾ, ಕಪ್ಪಾಗ್ಲಿ" ಅಂದ್ರು. ಕೊತ್ತಂಬರಿ ಕಾಫಿಬೀಜದ ಬಣ್ಣಕ್ಕೆ ಬಂದು ಹೊಗೆ ಕಣ್ಣಿಗೆ ಹೊಡಿಯೋಕೆ ಶುರುವಾದ್ಮೇಲೇ ಇಳಿಸಿದ್ದು.

ಕೊನೇಲಿ ಅಟ್ಟದಿಂದ ಒಂದು ಹಳೇ ಹಾರ್ಲಿಕ್ಸ್ ಬಾಟ್ಲಿ ಇಳಿಸಿದ್ರು, ಒಳಗೆ ಡಾಂಬರಿನ ಹಾಗೆ ಕಪ್ಪು ದಪ್ಪ ರಸ. ಉಪ್ಪಾಗೆ ಹುಳಿ. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣಾಗಿ ಕಾಡಲ್ಲಿ ಉದುರುತ್ತೆ, ಆರಿಸಿ ತಂದು ಇಟ್ರೆ ರಸ ಇಳಿಯುತ್ತೆ, ಆ ರಸನ ಬತ್ತಿಸಿ ಬತ್ತಿಸಿ ಇಷ್ಟಕ್ಕೆ ತರೋದು, ವರ್ಷಗಟ್ಟಲೆ ಕೆಡಲ್ಲ. ಒಂದು ಚಮಚ ಹಾಕಿದ್ದಷ್ಟೇ, ಸಾರಿನ ಬಣ್ಣ ಕಪ್ಪು, ವಾಸನೆ ಬೇರೆನೇ ಆಯ್ತು. ನನಗೆ ಅನ್ಸಿದ್ದು, ಹಂದಿ ಯಾವುದಾದ್ರೂ ಇರ್ಲಿ, ಕಾಡು ಇದ್ದಿದ್ದು ಆ ಬಾಟ್ಲೀಲಿ. ಹುಣಸೆಹಣ್ಣು ಹಾಕಿದ್ರೆ ಆಗಲ್ವಾ ಅಂತ ದೋಸ್ತ್ ಕೇಳಿದ, ಅತ್ತೆ ಉತ್ತರ ಕೊಡ್ಲಿಲ್ಲ.

ಪಕ್ಕದಲ್ಲಿ ಕಡುಬು. ಅಕ್ಕಿತರಿನ ನೀರಲ್ಲಿ ಗಟ್ಟಿ ಬೇಯಿಸಿ, ಬಿಸಿ ಇದ್ದಾಗ್ಲೇ ಕೈಗೆ ನೀರು ಮುಟ್ಟಿಸ್ಕೊಂಡು ಉಂಡೆ ಕಟ್ಟಿ ಹಬೇಲಿ ಇಡೋದು. ನಾನು ಕಟ್ಟಿದ್ದು ನಾಲ್ಕು, ಎರಡು ಒಡೆದ್ವು. ಜೊತೆಗೆ ಏಡಿ ಸಾರು, ಕಳಲೆ ಪಲ್ಯ. ಕಳಲೆ ಬೇಲಿ ಪಕ್ಕದ ಬಿದಿರು ಮೆಳೇದು, ಸಣ್ಣಗೆ ಹೆಚ್ಚಿ ಮೂರು ದಿನ ನೆನೆಹಾಕಿ ದಿನಾ ನೀರು ಬದಲಾಯಿಸಿದ್ದು, ಇಲ್ಲಾಂದ್ರೆ ಕಹಿ ಅಷ್ಟೇ ಅಲ್ಲ, ವಿಷನೂ.

ನೆಟ್ಟಿಗೆ ಬಂದಿದ್ದ ಎಂಟು ಹೆಂಗಸ್ರು, ಟಿಲ್ಲರ್ ಹುಡುಗ, ನಾವು, ಎಲ್ಲರೂ ಜಗಲೀಲಿ ಸಾಲಾಗಿ ಕೂತ್ವಿ. ಮಾವ ಸೌಟು ಹಿಡ್ಕೊಂಡು ತಾವೇ ಬಡಿಸಿದ್ರು, ಎಲ್ಲರಿಗೂ ಒಂದು ಚರ್ಮದ್ದು, ಒಂದು ಮೂಳೆದು, ಎರಡು ಮಾಂಸದ್ದು, ಹಾಗೇ ಸಾಲಿನ ಕೊನೆವರೆಗೆ, ಅಂಗಳದಲ್ಲಿದ್ದ ನಾಯಿ ಮುಂದೆ ಒಂದು ಎಲೆ ಹಾಕೋವರೆಗೂ ಯಾರೂ ಕೈ ಹಾಕ್ಲಿಲ್ಲ. ದೋಸ್ತ್ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಕೊಂಡ, ಆಮೇಲೆ ಕಡುಬು ಮುರಿದು ರಸಕ್ಕೆ ಅದ್ದಿದ, ಆಮೇಲೆ ಒಂದು ಇಪ್ಪತ್ತು ನಿಮಿಷ ಅವನ ಬಾಯಿಂದ ಮಾತೇ ಇಲ್ಲ, ಮೂಗಿಂದ ನೀರು ಮಾತ್ರ. ನನ್ನ ಲೆಕ್ಕ ಆರು ಕಡುಬಿಗೆ ನಿಂತ್ತು, ಅವನು ಒಂಬತ್ತು.

ಮಲಗೋ ಹೊತ್ತಿಗೆ ಮಳೆ ಸ್ವಲ್ಪ ಹೊಳವಾಯ್ತು. ಹಿಂದಿನ ತೋಟದ ಕಡೆಯಿಂದ ಗುರ್ ಗುರ್ ಅಂತ ಸದ್ದು, ನಾಯಿ ಹುಚ್ಚು ಹಿಡಿದ ಹಾಗೆ ಬೊಗಳ್ತು. ಮಾವ ಕೋವಿ ಕಡೆ ತಿರುಗಿಯೂ ನೋಡ್ಲಿಲ್ಲ, ತೊಲೆ ಸಂದಿಯಿಂದ ದೀಪಾವಳಿದು ಎರಡು ಪಟಾಕಿ ತೆಗ್ದು ಬೀಡಿಗೆ ತಾಗಿಸಿ ಎಸೆದ್ರು. ಒಂದು ಢಂ ಅಂತು, ಇನ್ನೊಂದು ಟುಸ್. ಟಾರ್ಚ್ ಬಿಟ್ಟಾಗ ಬೇಲಿ ಹತ್ರ ಐದಾರು ಕಪ್ಪು ಬೆನ್ನು, ಹಿಂದೆ ಪಟ್ಟೆಪಟ್ಟೆ ಮರಿಗಳು, ಅವಸರವೇನೂ ಇಲ್ಲದ ಹಾಗೆ ಹಳು ಒಳಗೆ ಹೋದ್ವು. ದೋಸ್ತ್ ಮೊಬೈಲ್ ಹುಡುಕೋದ್ರೊಳಗೆ ಎಲ್ಲ ಮಾಯ.

ಬೆಳಿಗ್ಗೆ ನೋಡಿದ್ರೆ ಅತ್ತೆ ಹಾಕಿದ್ದ ಮರಗೆಣಸಿನ ಸಾಲು ಪೂರ್ತಿ ಉತ್ತ ಹಾಗೆ ಆಗಿತ್ತು, ಗದ್ದೆ ಅಂಚು ಎರಡು ಕಡೆ ಕುಸಿದು ನೀರು ಕೆಳಗಿನ ಮಡಿಗೆ ನುಗ್ತಿತ್ತು. ನಮ್ಮ ಬಸ್ ಹನ್ನೊಂದಕ್ಕೆ. ಮಾವ ಕಂಬಳಿಕೊಪ್ಪೆ ಹಾಕ್ಕೊಂಡು ಇಳಿದ್ರು, ಎರಡನೇ ಗುದ್ದಲಿ ಹಿಡ್ಕೊಂಡು ದೋಸ್ತ್ ಕಡೆ ನೋಡಿ "ಬಾ ಮಾರಾಯ, ಹಂದಿ ನೋಡ್ಬೇಕು ಅಂತಿದ್ಯಲ್ಲ, ಇದೂ ಅದ್ರದ್ದೇ ಪಾಲು" ಅಂದ್ರು. ಅವನು ಪ್ಯಾಂಟ್ ಮಡಚಿಕೊಂಡು, ಇಂಬಳಕ್ಕೆ ಸುಣ್ಣ ಬಳ್ಕೊಂಡು ಇಳಿದ. ಅಂಚು ಕಟ್ಟಿ ಮುಗಿಯೋಕೆ ಹನ್ನೆರಡು ಆಯ್ತು, ಮೂರು ಗಂಟೆ ಬಸ್ಸಿಗೆ ಹೋದ್ವಿ.