‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’

“ತಗೊಳ್ಳಿ ಮೇಡಂ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ.” ಈ ವಾರ ಜಯನಗರದ ಶೂ ಅಂಗಡಿಯೊಂದರಲ್ಲಿ ಕಿವಿಗೆ ಬಿದ್ದ ಮಾತು. ಆಕೆಯ ಕಿರುಬೆರಳು ಬೇರ್‌ಫೂಟ್ ಶೂನ ಬದಿಯ ಬಟ್ಟೆಯನ್ನು ಹೊರಗೆ ತಳ್ಳಿ ಉಬ್ಬಿದ್ದು ದೂರಕ್ಕೇ ಕಾಣುತ್ತಿತ್ತು. “ಇಲ್ಲಿ ಒತ್ತುತ್ತೆ” ಅಂತ ಎರಡು ಸಲ ಹೇಳಿದರು, ಎರಡು ಸಲವೂ ಅದೇ ಉತ್ತರ. ಹುಡುಗ ಮೋಸಗಾರನಲ್ಲ, ಚರ್ಮದ ಶೂ ಮಾರಿ ಪಳಗಿದ ನಾಲಿಗೆ. ಫೋನಿನಿಂದ ತಲೆಯೆತ್ತದೆ “ಒಂದು ನಂಬರ್ ದೊಡ್ಡದು ಕೊಟ್ಬಿಡಿ” ಅಂದ ಗಂಡನ ಸಲಹೆ ಇನ್ನೂ ಕೆಟ್ಟದ್ದು.

ಈ ಶೂನಲ್ಲಿ ಹಿಮ್ಮಡಿಗೂ ಬೆರಳಿಗೂ ಎತ್ತರದ ವ್ಯತ್ಯಾಸವಿಲ್ಲ, ಅಟ್ಟೆ ತೆಳು, ಮುಂಭಾಗ ಬೆರಳು ಹರಡಿಕೊಳ್ಳುವಷ್ಟು ಅಗಲ. ಮೇಲಿನ ಬಟ್ಟೆ ಒಂದಿಷ್ಟು ಹಿಗ್ಗೀತು, ಅಟ್ಟೆ ಹಿಗ್ಗುವುದಿಲ್ಲ. ಕಿರುಬೆರಳು ಅಟ್ಟೆಯ ಅಂಚು ದಾಟಿದ್ದರೆ ವರ್ಷವಾದರೂ ದಾಟಿಯೇ ಇರುತ್ತದೆ. ಅಗಲ ಸಾಲದೆಂದು ಉದ್ದದ ನಂಬರ್ ಏರಿಸಿದರೆ ಶೂನ ಅಗಲದ ಜಾಗ ಪಾದದ ಅಗಲಕ್ಕಿಂತ ಮುಂದಕ್ಕೆ ಸರಿಯುತ್ತದೆ. ಹಿಮ್ಮಡಿ ಜಾರುತ್ತದೆ, ಮೆಟ್ಟಿಲು ಹತ್ತುವಾಗ ಶೂನ ಖಾಲಿ ಮುಂತುದಿ ತಗುಲಿ ಮುಗ್ಗರಿಸಬೇಕಾಗುತ್ತದೆ. ಬೇಕಿರುವುದು ಬೇರೆ ನಂಬರಲ್ಲ, ಬೇರೆ ಆಕಾರದ ಶೂ.

ಅಳತೆ ತೆಗೆಯುವುದು ಸಂಜೆ, ಪಾದ ದಿನದ ಊತ ತುಂಬಿಕೊಂಡಿರುವಾಗ. ಗೋಡೆಗೆ ಹಿಮ್ಮಡಿ ಆನಿಸಿ, ಕಾಗದದ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಬೇಕು. ಕೂತು ಅಳೆದರೆ ಪಾದ ಹರಡಿಕೊಳ್ಳುವುದಿಲ್ಲ, ಅಳತೆ ಕಡಿಮೆ ಬರುತ್ತದೆ. ಪೆನ್ಸಿಲ್ ನೆಟ್ಟಗಿರಲಿ, ಒಳಕ್ಕೆ ವಾಲಿದರೆ ಅಗಲ ತಿಂದುಹಾಕುತ್ತದೆ. ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿಯಿರಿ. ಕೆಲವರಿಗೆ ಎರಡನೆಯ ಬೆರಳೇ ಉದ್ದ, ಆಗ ಅಲ್ಲಿಯವರೆಗೆ ಅಳೆಯಬೇಕು. ಮುಚ್ಚಿದ ಶೂಗೆ ಇದರ ಮೇಲೆ 10ರಿಂದ 12 ಮಿ.ಮೀ. ಸೇರಿಸಿ. ಪಾದ 25.4 ಸೆಂ.ಮೀ. ಆದರೆ ಶೂನ ಒಳ ಉದ್ದ 26.5ರ ಆಸುಪಾಸು. ಯುರೋಪಿನ ನಂಬರಿಗೆ ಒಳ ಉದ್ದವನ್ನು ಒಂದೂವರೆಯಿಂದ ಗುಣಿಸಿ: 39.75, ಅಂದರೆ 40. ಅಲ್ಲಿ ಒಂದು ನಂಬರಿಗೆ 6.7 ಮಿ.ಮೀ. ಅಂತರ, ನಮ್ಮ ಅಂಗಡಿಗಳ ಯು.ಕೆ. ನಂಬರಿಗೆ ಸುಮಾರು 8.5.

ಹೆಚ್ಚಿನವರು ಎಡವುವುದು ಕಂಪನಿಯ ಪಟ್ಟಿ ಓದುವಾಗ. ಕೆಲವರು ಪಾದದ ಉದ್ದ ಕೊಟ್ಟಿರುತ್ತಾರೆ, ಕೆಲವರು ಶೂನ ಒಳ ಉದ್ದ. ಪಾದದ ಉದ್ದದ ಪಟ್ಟಿಯಲ್ಲಿ ಆ 12 ಮಿ.ಮೀ. ಆಗಲೇ ಸೇರಿರುತ್ತದೆ, ಮತ್ತೆ ಸೇರಿಸಿದರೆ ಎರಡು ನಂಬರ್ ದೊಡ್ಡದು ಬಂದು ಕೂರುತ್ತದೆ. ಅಂಗಡಿಯಲ್ಲಾದರೆ ಇಷ್ಟೆಲ್ಲ ಬೇಡ. ಶೂನೊಳಗಿನ ಹಾಸು (ಇನ್‌ಸೋಲ್) ಹೊರಗೆಳೆದು, ನೆಲಕ್ಕಿಟ್ಟು ಮೇಲೆ ನಿಲ್ಲಿ. ಬೆರಳು ಯಾವುದೂ ಅಂಚಿನಾಚೆ ಚಾಚಬಾರದು, ಮುಂದೆ ಸುಮಾರು ಒಂದು ಸೆಂ.ಮೀ. ಉಳಿಯಬೇಕು.

ಆಕೆ ಎರಡು ಸಲ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಒತ್ತುತ್ತಿರುವುದು ಆಕೆಯ ಬೆರಳಿಗೆ, ತೀರ್ಪು ಇನ್ನಿಬ್ಬರದು. ಬಸ್ಸಿನ ಸೀಟಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವ ಹಾಗೆ ಕಾಲಿಗೂ ಹೇಳಿ ರೂಢಿ ನಮಗೆ, ಅದರಲ್ಲೂ ಹೆಂಗಸರ ಕಾಲಿಗೆ.

ಅಂಗಡಿಯ ಸ್ಪೀಕರಿನಲ್ಲಿ ಹ್ಯಾಂಡ್‌ಪ್ಯಾನ್, ಅಂದರೆ ಮಡಿಲಲ್ಲಿಟ್ಟು ಕೈಯಿಂದ ನುಡಿಸುವ ಉಕ್ಕಿನ ವಾದ್ಯ, ನಿದ್ದೆ ಬರಿಸುವಂತೆ ಗುಂಯ್‌ಗುಡುತ್ತಿತ್ತು. “ಇದೇ ವಾದ್ಯದಲ್ಲಿ ತಾಳ ಇರೋದು ಸಿಗುತ್ತಾ, ನಡೆಯೋಕೆ?” ಅಂತ ಆಕೆ ಕೇಳಿದರು. “ಕೇಳ್ತಾ ಕೇಳ್ತಾ ಅಭ್ಯಾಸ ಆಗುತ್ತೆ ಮೇಡಂ!” ಪುಣ್ಯಾತ್ಮ.

ಸಿಗುತ್ತದೆ. ಈ ವಾದ್ಯದ ಮೂಲರೂಪ ‘ಹ್ಯಾಂಗ್’ 2000ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫೆಲಿಕ್ಸ್ ರೋನರ್, ಸಬೀನಾ ಶೆರರ್ ಅವರ ಕೈಯಲ್ಲಿ ಹುಟ್ಟಿತು. ಅದಕ್ಕೆ ಪ್ರೇರಣೆಗಳಲ್ಲಿ ಒಂದು ನಮ್ಮ ಘಟಂ. ತಾಳ ಅದರ ಹುಟ್ಟಿನಲ್ಲೇ ಇದೆ, ಧ್ಯಾನದ ಹಿನ್ನೆಲೆಗೆ ಕಟ್ಟಿಹಾಕಿದ್ದು ಆಮೇಲೆ. ಸ್ಟೇನ್‌ಲೆಸ್ ಸ್ಟೀಲಿನ ವಾದ್ಯದಲ್ಲಿ ಸ್ವರ ಬಹಳ ಹೊತ್ತು ಉಳಿಯುತ್ತದೆ, ಬೇಗ ನುಡಿಸಿದರೆ ಒಂದರ ಮೇಲೊಂದು ಬಿದ್ದು ಕಲಸುತ್ತದೆ. ನೈಟ್ರೈಡ್ ಮಾಡಿದ, ಅಂದರೆ ಮೇಲ್ಮೈಗೆ ಸಾರಜನಕ ಹಿಡಿಸಿ ಗಟ್ಟಿ ಮಾಡಿದ ಉಕ್ಕಿನಲ್ಲಿ ಬೇಗ ಅಡಗುವುದರಿಂದ ತಾಳಕ್ಕೆ ಅದೇ ಲೇಸು. ಸ್ವರಗಳ ನಡುವಿನ ಖಾಲಿ ಜಾಗಕ್ಕೆ ಬೀಳುವ ಒಣ ‘ಟಕ್’ ಪೆಟ್ಟು ಕೇಳಿಸುತ್ತದೆಯೇ ನೋಡಿ. ವಾಲ್ಯೂಮ್ ತಗ್ಗಿಸಿದ ಮೇಲೂ ಅದು ಉಳಿದರೆ ಆ ತುಣುಕಿಗೆ ಹೆಜ್ಜೆ ಹಾಕಬಹುದು. ಮನು ಡೆಲಾಗೊ, ಡೇವಿಡ್ ಕುಕರ್‌ಮನ್ ನುಡಿಸುವುದನ್ನು ಹುಡುಕಿದರೆ ಇಂಥವು ಸಿಗುತ್ತವೆ.

ತೆಳು ಅಟ್ಟೆಯಲ್ಲಿ ಉದ್ದ ಹೆಜ್ಜೆ ಹಾಕಿದರೆ ಹಿಮ್ಮಡಿ ನೆಲಕ್ಕೆ ಬಡಿಯುತ್ತದೆ. ಹೆಜ್ಜೆ ಗಿಡ್ಡವಾಗಿ, ಚುರುಕಾಗಿ ಇರಬೇಕು. ಹದಿನೈದು ಸೆಕೆಂಡಿನ ಹೆಜ್ಜೆ ಎಣಿಸಿ ನಾಲ್ಕರಿಂದ ಗುಣಿಸಿ. ಬಿರುಸು ನಡಿಗೆಗೆ ನಿಮಿಷಕ್ಕೆ 110–120 ಬರುತ್ತದೆ, ಸಂಗೀತವೂ ಅಷ್ಟೇ ಬಡಿತದ್ದಿರಲಿ. ಮೊದಮೊದಲು ದಿನಕ್ಕೆ ಹತ್ತು ನಿಮಿಷ ಸಾಕು. ಮೀನಖಂಡ ಬಿಗಿದರೆ ಸಹಜ, ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ ಒತ್ತಿದಾಗ ನೋವಾದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ವೈದ್ಯರನ್ನು ಕೇಳದೆ ಈ ಶೂ ಹಾಕಲೇಬಾರದು.

ಏಳು ಎಣಿಕೆಯ ತುಣುಕುಗಳೂ ಸಿಗುತ್ತವೆ. ಅವುಗಳಲ್ಲಿ ಆವರ್ತದ ಮೊದಲ ಪೆಟ್ಟು ಒಮ್ಮೆ ಬಲಗಾಲಿಗೆ, ಒಮ್ಮೆ ಎಡಗಾಲಿಗೆ ಬೀಳುತ್ತದೆ. ಏಳೆಣಿಕೆಯ ಮಿಶ್ರಛಾಪು ತಾಳ ಬಲ್ಲವರಿಗೆ ಅದೇ ಮಜಾ. ಉಳಿದವರು ಸದ್ಯಕ್ಕೆ ಎಂಟರಲ್ಲೇ ಇರಲಿ, ರಸ್ತೆಯಲ್ಲಾದರೆ ಇಯರ್‌ಫೋನ್ ಒಂದೇ ಕಿವಿಗೆ.