ಹಾವು ಕಚ್ಚಿದಾಗ ಸುತ್ತ ನಿಲ್ಲುವವರಿಗೆ

ನಮ್ಮ ಮನೆಯ ಜಗುಲಿಯಲ್ಲಿ ಕ್ಯಾಲೆಂಡರಿನ ಪಕ್ಕಕ್ಕೆ ಒಂದು ರಟ್ಟು ತೂಗುಹಾಕಿದ್ದೇನೆ. ಅದರಲ್ಲಿ ಔಷಧಿಯ ಹೆಸರು ಒಂದೂ ಇಲ್ಲ. ಜೀಪು ಯಾರ ಮನೆಯಲ್ಲಿದೆ, ರಾತ್ರಿ ಫೋನ್ ಎತ್ತುವವರು ಯಾರು, ನೆಟ್‌ವರ್ಕ್ ಸಿಗುವ ದಿಬ್ಬ ಯಾವುದು, ಇಷ್ಟೇ. ಶಿರಸಿ ಪೇಟೆಯಿಂದ ದೂರ, ಕಾಲುಸಂಕ ದಾಟಿ ಬರಬೇಕಾದ ನಮ್ಮಂಥ ಊರುಗಳಲ್ಲಿ ಹಾವು ಕಡಿತದ ಪ್ರಥಮ ಚಿಕಿತ್ಸೆಯೆಂದರೆ ಈ ರಟ್ಟೇ. 108ಕ್ಕೆ ಕರೆ ಮಾಡಿ. ಆದರೆ ಗಾಡಿ ಅಂಗಳಕ್ಕೇ ಬರಲಿ ಎಂದು ಕೂರಬೇಡಿ, ಡಾಂಬರು ರಸ್ತೆಯವರೆಗೆ ನೀವೇ ಎದುರು ಹೋಗಿ.

ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕಾಲ ಬಂತೆಂದರೆ ನನಗೆ ದಿಗಿಲು. ಎಲ್ಲರೂ ನಾಗರಹಾವಿಗೆ ಹೆದರುತ್ತಾರೆ, ಅದು ಹೆಡೆಯೆತ್ತಿ ಬುಸುಗುಟ್ಟಿಯಾದರೂ ಎಚ್ಚರಿಸುತ್ತದೆ. ಗೂನು ಮೂಗಿನ ಗುಳಿಮಂಡಲ ಹಾಗಲ್ಲ. ಸಾಮಾನ್ಯವಾಗಿ ಒಂದೂವರೆ ಅಡಿ ಮೀರದ, ಒಣ ಎಲೆಯದೇ ಬಣ್ಣದ ಹಾವು. ಹೆಜ್ಜೆ ಸಪ್ಪಳ ಕೇಳಿದರೂ ಓಡುವುದಿಲ್ಲ, ಸುರುಳಿ ಸುತ್ತಿ ಅಲ್ಲೇ ಬಿದ್ದಿರುತ್ತದೆ. ಬರಿಗೈಯಲ್ಲಿ ದರಕು ಬಾಚಿದರೆ ಬೆರಳಿಗೇ ಕಚ್ಚುತ್ತದೆ.

ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆಂದು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಹಾಗಾದರೆ ಆಸ್ಪತ್ರೆಗೆ ಏಕೆ ಹೋಗಬೇಕು ಎಂದು ನಮ್ಮ ಕೆಲಸದವರೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಕಚ್ಚಿದ್ದು ಗುಳಿಮಂಡಲವೇ ಹೊರತು ಕೊಳಕುಮಂಡಲದ ಮರಿಯಲ್ಲ ಎಂದು ಗಾಬರಿಯಲ್ಲಿ ಹೇಳುವವರು ಯಾರು? ಅಲ್ಲದೆ ಗುಳಿಮಂಡಲದ ವಿಷವೂ ಕೆಲವರಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಅದಕ್ಕೆ ಬೇಕಾದ ಆರೈಕೆ ಮನೆಯಲ್ಲಿ ಸಿಗುವುದಿಲ್ಲ. ಅಂದ ಹಾಗೆ, ವೈದ್ಯರು ಎರಡು ಮಿಲಿ ರಕ್ತವನ್ನು ಗಾಜಿನ ನಳಿಕೆಯಲ್ಲಿಟ್ಟು 20 ನಿಮಿಷ ಅಲುಗಿಸದೆ ಬಿಡುತ್ತಾರೆ, ಹೆಪ್ಪುಗಟ್ಟುತ್ತದೆಯೋ ಇಲ್ಲವೋ ನೋಡಲು. ‘ಏನೂ ಮಾಡದೆ ಕೂತಿದ್ದಾರೆ’ ಎಂದು ಆ ಹೊತ್ತಿನಲ್ಲಿ ಜಗಳ ತೆಗೆಯಬೇಡಿ.

ಕಚ್ಚಿಸಿಕೊಂಡವರಿಗಿಂತ ಸುತ್ತ ಸೇರಿದವರನ್ನು ಸಂಭಾಳಿಸುವುದೇ ಕಷ್ಟ. ಬ್ಲೇಡು ತರುವವರು, ಬಾಯಿಂದ ಹೀರಲು ಹೊರಡುವವರು, ಬೇರು ಅರೆಯುವವರು. “ಗಟ್ಟಿಯಾಗಿ ಕಟ್ಟು ತಂಗೀ, ವಿಷ ಏರುತ್ತದೆ” ಎಂದು ಬಾಳೆನಾರು ಹಿಡಿದು ಬಂದ ನೆರೆಮನೆಯ ದೊಡ್ಡಪ್ಪನ ಜತೆ ವಾದಕ್ಕಿಳಿಯಲು ಸಮಯವಿರುವುದಿಲ್ಲ. “ದೊಡ್ಡಪ್ಪಾ, ನೀವು ಟಾರ್ಚ್ ಹಿಡಿದು ಮುಂದೆ ನಡೆಯಿರಿ, ದಾರಿ ಕಾಣುತ್ತಿಲ್ಲ” ಎಂದೆ. ಹೋದರು. ಬಿಗಿದು ಕಟ್ಟಿದರೆ ಮಂಡಲದ ವಿಷ ಒಂದೇ ಕಡೆ ನಿಂತು ಮಾಂಸ ಕೊಳೆಯಬಹುದು. ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಸರಕ್ಕನೆ ಬಿಚ್ಚಬೇಡಿ, ವೈದ್ಯರ ಎದುರೇ ಬಿಚ್ಚಲಿ.

ಉಂಗುರ, ಬಳೆ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಮುರಿದ ಕೈಕಾಲಿಗೆ ಆಧಾರ ಕೊಡುವ ಹಾಗೆ ಅಡಕೆ ಹಾಳೆಯನ್ನಿಟ್ಟು ಪಂಚೆಯಿಂದ ಸಡಿಲವಾಗಿ ಸುತ್ತಿ. ಅವರನ್ನು ನಡೆಸಬೇಡಿ, ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಿ. ಹಾವನ್ನು ಹುಡುಕಿ ಹೊಡೆಯಲು ಹೋದರೆ ಇನ್ನೊಬ್ಬರಿಗೂ ಕಚ್ಚೀತು.

ನಾಟಿ ಔಷಧಿಯಿಂದ ಬದುಕಿದವರ ಹೆಸರನ್ನು ಎಲ್ಲರೂ ಹೇಳುತ್ತಾರೆ. ವಿಷವಿಲ್ಲದ ಹಾವುಗಳೇ ಹೆಚ್ಚು, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಏನು ಕುಡಿದರೂ ಬದುಕುತ್ತಿದ್ದರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ನಾಟಿ ವೈದ್ಯರ ಜಗುಲಿಯಲ್ಲೇ ಮುಗಿದುಹೋಗುವ ಪ್ರಕರಣ ಮಾತ್ರ ಆ ಲೆಕ್ಕಕ್ಕೆ ಸಿಗುವುದು ಕಷ್ಟ.

ಕಟ್ಟುಹಾವಿನದು ಬೇರೆಯೇ ಕಥೆ. ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚುತ್ತದೆ, ನೋವಿಲ್ಲ, ಗುರುತೂ ಕಾಣದಿರಬಹುದು. ಬೆಳಗ್ಗೆ ಹೊಟ್ಟೆನೋವು ಎನ್ನುತ್ತಾರೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ಕಷಾಯ ಕುದಿಸುತ್ತಾ ಕೂರುವ ಹೊತ್ತು ಅದಲ್ಲ. ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿದರೆ ಈ ಹಾವು ಹತ್ತಿರ ಬರುವುದೇ ಕಷ್ಟ.

ಇನ್ನು ಹುಳುಗಳು. ಜೇನು ಕಚ್ಚಿದರೆ ಮುಳ್ಳಿನೊಂದಿಗೆ ವಿಷದ ಚೀಲವೂ ಚರ್ಮದಲ್ಲೇ ಉಳಿದು ಹಿಂಡುತ್ತಿರುತ್ತದೆ. ಉಗುರಿನಿಂದಲೋ ಚಾಕುವಿನ ಬೆನ್ನಿನಿಂದಲೋ, ಹೇಗಾದರೂ ಸರಿ, ತಕ್ಷಣ ತೆಗೆಯಿರಿ. ಕವಳದ ಸಂಚಿಯ ಸುಣ್ಣ ಬೇಡ, ಚರ್ಮ ಸುಡುತ್ತದೆ. ತಣ್ಣೀರಿನ ಬಟ್ಟೆ ಸಾಕು. ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಮನೆಯೊಳಗೆ ಓಡಿ, ಹೊಳೆಗೆ ಹಾರಬೇಡಿ, ಅವು ಮೇಲೆಯೇ ಕಾಯುತ್ತವೆ. ತುಟಿ ನಾಲಿಗೆ ಊದಿ, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿದರೆ, ಕಚ್ಚಿದ್ದು ಒಂದೇ ಹುಳುವಾದರೂ, ಅಡ್ರಿನಲಿನ್ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನಿಮಿಷವೂ ತಡಮಾಡದೆ ಒಯ್ಯಿರಿ.

ಕಣಜಕ್ಕೆ ಮುಳ್ಳು ಕಳಚುವುದಿಲ್ಲ, ಮತ್ತೆ ಮತ್ತೆ ಚುಚ್ಚುತ್ತದೆ. ಅಡಕೆಯ ಕೊನೆಕೊಯ್ಲಿನ ದಿನ ನನಗೆ ಹಾವಿಗಿಂತ ಇದರದೇ ಹೆಚ್ಚು ಭಯ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡೇ ದಾಟುತ್ತಾನೆ, ನಡುವೆ ಗೂಡು ಸಿಕ್ಕರೆ ಓಡಲು ಅವನಿಗೆ ನೆಲವಿಲ್ಲ. ಅದಕ್ಕೇ ಅವನು ಹತ್ತುವ ಮೊದಲು ಇಡೀ ಸಾಲನ್ನು ಕೆಳಗಿನಿಂದ ನಾನೇ ನೋಡುತ್ತೇನೆ. ಹಿಂದೆ ಹುಳು ಕಚ್ಚಿ ಮೈ ಊದಿತ್ತೇ ಎಂದು ಚಹಾ ಕೊಡುವಾಗಲೇ ಕೇಳುತ್ತೇನೆ. ಹೌದೆಂದರೆ ಆ ಸಾಲಿಗೆ ಬೇರೆಯವರು.